ಬೇರೆ ಎಂಜಿನ್ ಕೂರಿಸುವ ಮುನ್ನ

ಮಾರುತಿಯ ಪೆಟ್ರೋಲ್ ಜಿಪ್ಸಿಯೊಂದಕ್ಕೆ ಡೀಸೆಲ್ ಎಂಜಿನ್ ಕೂರಿಸಿ, ಬೇರೇನನ್ನೂ ಮುಟ್ಟದೆ ರಸ್ತೆಗೆ ಇಳಿಸಿದರೆ ಊರೊಳಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಬ್ರೇಕ್ ಪೆಡಲ್ ಸ್ವಲ್ಪ ಗಟ್ಟಿಯಾಗಿದೆ ಅನ್ನಿಸುತ್ತದೆ, ಅಷ್ಟೆ. ಅದೇ ಗಾಡಿ ನಾಲ್ಕು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯತೊಡಗಿದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಚಾಲಕ ಇಡೀ ಮೈಭಾರ ಹಾಕಿ ತುಳಿದರೂ ಪೆಡಲ್ ಕಲ್ಲಿನಂತೆ ನಿಂತಿರುತ್ತದೆ, ಗಾಡಿ ಬೇಕಾದಷ್ಟು ನಿಧಾನವಾಗುವುದಿಲ್ಲ. ಬ್ರೇಕಿನ ಪ್ಯಾಡ್, ಎಣ್ಣೆ, ಪೈಪು ಎಲ್ಲವೂ ಸರಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಎಂಜಿನ್‌ಗೂ ಬ್ರೇಕಿಗೂ ಇದ್ದ ಒಂದು ನಂಟು.

ಕಾರುಗಳ ಬ್ರೇಕ್ ಪೆಡಲ್ ಹಿಂದೆ ದುಂಡನೆಯ ಡಬ್ಬಿಯಂಥ ಬೂಸ್ಟರ್ ಇರುತ್ತದೆ. ಅದರ ಒಳಗಿನ ಗಾಳಿಯನ್ನು ಹೀರಿ ನಿರ್ವಾತ ಮಾಡಿದರೆ ಹೊರಗಿನ ವಾತಾವರಣದ ಒತ್ತಡವೇ ನಮ್ಮ ಕಾಲಿನ ಜೊತೆ ಸೇರಿ ತಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನ ಗಾಳಿದಾರಿಗೆ ಥ್ರಾಟಲ್ ಎಂಬ ತಡೆ ಇರುವುದರಿಂದ ಆ ಹೀರುವ ಶಕ್ತಿ ತಾನಾಗಿಯೇ ಹುಟ್ಟುತ್ತದೆ. ಸಾಂಪ್ರದಾಯಿಕ ಡೀಸೆಲ್ ಎಂಜಿನ್‌ನಲ್ಲಿ ಆ ಕೆಲಸ ಮಾಡುವ ಥ್ರಾಟಲ್ ಇಲ್ಲ. ಆದ್ದರಿಂದ ಡೀಸೆಲ್ ಗಾಡಿಗಳಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಕೊಟ್ಟಿರುತ್ತಾರೆ. ಹಲವು ಎಂಜಿನ್‌ಗಳಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಜಾಗ ಸಾಲದೆಂದು ಆಲ್ಟರ್ನೇಟರ್ ಬದಲಿಸಿದರೆ ಪಂಪೂ ಅದರೊಂದಿಗೆ ಹೋಗುತ್ತದೆ.

ಎಂಜಿನ್ ಬದಲಾವಣೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಈ ಪೆಡಲ್‌ನಿಂದಲೇ ಮಾತು ಶುರು ಮಾಡುತ್ತೇನೆ. ಏಕೆಂದರೆ ‘ಆರ್‌ಟಿಒ ಯಾಕೆ ಇಷ್ಟು ಕಟ್ಟುನಿಟ್ಟು?’ ಎಂಬ ಪ್ರಶ್ನೆಗೂ ‘ಇದು ಸುರಕ್ಷಿತವೇ?’ ಎಂಬ ಪ್ರಶ್ನೆಗೂ ಉತ್ತರ ಒಂದೇ. ಎಂಜಿನ್ ಎಂದರೆ ಬೋಲ್ಟ್ ಬಿಚ್ಚಿ ಬೇರೆಯದನ್ನು ಕೂರಿಸಬಹುದಾದ ಬಿಡಿಭಾಗವಲ್ಲ. ಬ್ರೇಕು, ಸ್ಟೀರಿಂಗ್, ಸ್ಪ್ರಿಂಗ್, ವೈರಿಂಗ್, ಏರ್‌ಬ್ಯಾಗ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ತಯಾರಕರು ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಪರೀಕ್ಷೆ ಮಾಡಿಸಿ ಮಂಜೂರಾತಿ ಪಡೆಯುವುದು ಇವೆಲ್ಲ ಒಟ್ಟಿಗೆ ಕೂಡಿದ ಇಡೀ ವಾಹನಕ್ಕೆ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಹೇಳುವುದು ಈ ಮೂಲಮಾದರಿಯ ಪರೀಕ್ಷೆಯನ್ನೇ. ಅದರಲ್ಲಿ ಗೆದ್ದ ಮಾದರಿಯ ವಿವರಗಳೇ ನಿಮ್ಮ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಸಾಲಾಗಿ ಅಚ್ಚಾಗಿವೆ: ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಸಿಸಿ (ಎಂಜಿನ್ನಿನ ಗಾತ್ರ), ಇಂಧನ, ಖಾಲಿ ತೂಕ, ಹೊಗೆಯ ಮಾನದಂಡ.

ಕಾನೂನು ಹೇಳುವುದೇನು?

ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ಇಲ್ಲಿ ಮುಖ್ಯ. ಅದರ ಮೊದಲ ಉಪಕಲಮಿನ ಸಾರ ಇಷ್ಟು: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ವಾಹನವನ್ನು ಬದಲಿಸಕೂಡದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಹೊಂದಿಸಲು ಮಂಜೂರಾದ ಕಿಟ್ ಹಾಕಿಸುವುದಕ್ಕೆ ಮಾತ್ರ ಅಲ್ಲಿಯೇ ವಿನಾಯಿತಿ ಇದೆ, ಅದೂ ಷರತ್ತುಗಳೊಂದಿಗೆ. ಮೂರನೆಯ ಉಪಕಲಂ ಎಂಜಿನ್ ಬದಲಿಸುವ ವಿಷಯವನ್ನು ಹೆಸರು ಹೇಳಿಯೇ ಎತ್ತುತ್ತದೆ. ಮುಂಚಿತ ಅನುಮೋದನೆ ಇಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನಗಳೊಳಗೆ ನಿಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಶುಲ್ಕ ಕಟ್ಟಿ, ಆರ್‌ಸಿಯನ್ನು ತಿದ್ದುಪಡಿಗೆ ಒಪ್ಪಿಸಬೇಕು.

ಈ 14 ದಿನಗಳನ್ನು ತಪ್ಪಾಗಿ ಓದುವವರು ಬಹಳ. ‘ಯಾವ ಎಂಜಿನ್ ಬೇಕಾದರೂ ಹಾಕಿಸಿ, ಎರಡು ವಾರದೊಳಗೆ ಹೇಳಿದರಾಯಿತು’ ಎಂಬ ಅರ್ಥ ಅದಕ್ಕಿಲ್ಲ. ಮೊದಲ ಉಪಕಲಂ ಕಟ್ಟಿದ ಬೇಲಿ ಮೂರನೆಯದರಿಂದ ಬಿದ್ದುಹೋಗುವುದಿಲ್ಲ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು: ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡಿಗೆ ಅವಕಾಶವಿಲ್ಲ, ರಾಜ್ಯದ ನಿಯಮಗಳು ಕಾಯ್ದೆಯ ಈ ಕಲಮಿಗೆ ಅಧೀನ. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ ಹೊಸ ರೂಪ ಪಡೆದ ಕಲಂ 182ಎ ಶಿಕ್ಷೆಯನ್ನೂ ಗೊತ್ತುಮಾಡಿತು. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಎಂಜಿನ್ ಬದಲಿಸಿ, ಅದಕ್ಕೆ ಹೊಂದುವಂತೆ ಸೈಲೆನ್ಸರ್ ಬದಲಿಸಿ, ಚಾಸಿ ಕತ್ತರಿಸಿದ್ದರೆ ಅದು ಒಂದೇ ಮಾರ್ಪಾಡಾಗಿ ಉಳಿಯುವುದಿಲ್ಲ.

ಹಾಗಾದರೆ ಎಂಜಿನ್ ಬದಲಿಸಲೇಬಾರದೇ? ಬದಲಿಸಬಹುದು. ಯಾವ ಎಂಜಿನ್ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್ ಸೀಳಿಹೋಗಿದೆ, ಬೋರ್ ಮಾಡಿಸಲೂ ಆಗದು, ಅದೇ ಮಾದರಿಯ ಅದೇ ಎಂಜಿನ್ ತಂದು ಹಾಕಿಸುತ್ತೀರಿ. ಆಗ ಆರ್‌ಸಿಯಲ್ಲಿ ಬದಲಾಗುವುದು ಎಂಜಿನ್ ಸಂಖ್ಯೆ ಮಾತ್ರ, ಉಳಿದ ಸಾಲುಗಳು ಹಾಗೆಯೇ ಇರುತ್ತವೆ. ಇದು ಕಾನೂನಿನ ದಾರಿ, ಸುರಕ್ಷತೆಯ ದೃಷ್ಟಿಯಿಂದಲೂ ನಿರಾತಂಕ. ಸಂಖ್ಯೆ ಕೆತ್ತಿರುವುದು ಬ್ಲಾಕಿನ ಮೇಲೆ. ಆದ್ದರಿಂದ ಹೆಡ್, ಪಿಸ್ಟನ್, ಕ್ರ್ಯಾಂಕ್ ಬದಲಿಸಿದರೆ ಸಂಖ್ಯೆಯ ಪ್ರಶ್ನೆ ಏಳುವುದಿಲ್ಲ. ಬ್ಲಾಕ್ ಬದಲಾದರೆ ಏಳುತ್ತದೆ.

ಎರಡನೆಯದು ತೊಡಕಿನದು. ಹಳೆಯ ಜಿಪ್ಸಿಯಲ್ಲಿ ಇದ್ದದ್ದು 970 ಸಿಸಿ ಎಂಜಿನ್. 1990ರ ದಶಕದ ನಡುವಿನಿಂದ ಬಂದ ಜಿಪ್ಸಿಯಲ್ಲಿ 1298 ಸಿಸಿ. ಎರಡೂ ಮಾರುತಿಯದೇ, ಎರಡೂ ಪೆಟ್ರೋಲೇ, ಹೊರನೋಟಕ್ಕೆ ಗಾಡಿಯೂ ಒಂದೇ ಥರ. ಹೊಸದರ ಎಂಜಿನ್ನನ್ನು ಹಳೆಯದಕ್ಕೆ ಹಾಕಿಸಿದರೆ ಸಿಸಿ ಬದಲಾಗುತ್ತದೆ, ಅಂದರೆ ಆರ್‌ಸಿಯ ವಿವರ ಬದಲಾಗುತ್ತದೆ. ಇಂಥದ್ದಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಪಡೆಯಬೇಕು. ‘ಪರವಾಗಿಲ್ಲ, ಮಾಡಿಸಿಕೊಂಡು ಬನ್ನಿ’ ಎಂದು ಬಾಯಲ್ಲಿ ಹೇಳಿದ್ದನ್ನು ನಂಬಿ ಹಣ ಹಾಕಬೇಡಿ. ಉತ್ತರ ‘ಇಲ್ಲ’ ಎಂದು ಬರುವ ಸಾಧ್ಯತೆ ಹೆಚ್ಚು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಮೂರನೆಯದು ಬೇರೆ ಕಂಪನಿಯ, ಬೇರೆ ಇಂಧನದ, ಬೇರೆ ಶಕ್ತಿಯ ಎಂಜಿನ್. ಪೆಟ್ರೋಲ್ ಜಿಪ್ಸಿಗೆ ಡೀಸೆಲ್ ಹಾಕಿಸುವುದು ಈ ಬಗೆ. ಭಾರತದಲ್ಲಿ ಜಿಪ್ಸಿ ಡೀಸೆಲ್‌ನಲ್ಲಿ ಮಾರಾಟವಾಗಲೇ ಇಲ್ಲ. ಅಂಥ ಮೂಲಮಾದರಿ ಪರೀಕ್ಷೆಯೇ ಆಗಿರದಾಗ ಆರ್‌ಸಿಯಲ್ಲಿ ಅದನ್ನು ಏನೆಂದು ಬರೆಯುವುದು? ಮಲೆನಾಡಿನಲ್ಲೂ ಕೊಡಗಿನಲ್ಲೂ ಹೀಗೆ ಮಾಡಿದ ಗಾಡಿಗಳು ತೋಟದ ದಾರಿಗಳಲ್ಲಿ ಓಡುತ್ತಿವೆ ಎಂಬುದು ನಿಜ. ಓಡುತ್ತಿವೆ ಎಂದ ಮಾತ್ರಕ್ಕೆ ಡಾಂಬರು ರಸ್ತೆಗೆ ಬಂದಾಗ ಅವುಗಳ ಕಾಗದ ಸರಿಯಾಗುವುದಿಲ್ಲ. ತನ್ನ ಕೈಯಿಂದ ಗಾಡಿ ಕಟ್ಟುವವನ ಸಂತೋಷ ಎಂಥದ್ದೆಂದು ನನಗೆ ಗೊತ್ತು, ಅದನ್ನು ಹಗುರವಾಗಿ ಕಾಣುವುದಿಲ್ಲ. ಅಂಥವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ರೇಸ್ ಟ್ರ್ಯಾಕ್‌ಗಳಿವೆ. ಗಾಡಿಯನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗಿ ಅಲ್ಲಿ ಓಡಿಸಬಹುದು.

ಹಳೆಯ ವಿಲ್ಲೀಸ್ ಜೀಪ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ ಗಾಡಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ನೋಂದಣಿ ಸಿಗುತ್ತದೆ. ಆದರೆ ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮೂಲ ಪೆಟ್ರೋಲ್ ಎಂಜಿನ್ನನ್ನು ಗುಜರಿಗೆ ಹಾಕಿ ಡೀಸೆಲ್ ಕೂರಿಸಿದ ಜೀಪಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ಹಳೆಯ ಎಂಜಿನ್ ಇನ್ನೂ ಮನೆಯ ಹಿಂದೆ ಬಿದ್ದಿದ್ದರೆ ದಯವಿಟ್ಟು ಮಾರಬೇಡಿ.

ಗುಜರಿಯ ಎಂಜಿನ್ನಿಗೂ ಒಂದು ಚರಿತ್ರೆ ಇದೆ

ಬೆಂಗಳೂರಿನಲ್ಲಿ ಹಳೆಯ ಎಂಜಿನ್ ಎಂದರೆ ಜನ ಮೊದಲು ಶಿವಾಜಿನಗರದ ಗುಜರಿ ಅಂಗಡಿಗಳತ್ತ ನೋಡುತ್ತಾರೆ. ಅಲ್ಲಿ ಒಳ್ಳೆಯ ಸರಕೂ ಸಿಗುತ್ತದೆ. ಕೊಳ್ಳುವವರು ಕೇಳಲೇಬೇಕಾದ್ದು, ಈ ಎಂಜಿನ್ ಯಾವ ಗಾಡಿಯಿಂದ ಇಳಿಯಿತು ಎಂಬುದು. ಬಿಲ್ ಬೇಕು, ಬಿಲ್ಲಿನಲ್ಲಿ ಎಂಜಿನ್ ಸಂಖ್ಯೆ ಇರಬೇಕು, ಮೂಲ ಗಾಡಿಯ ನೋಂದಣಿ ರದ್ದಾದ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು. ಕಳುವಾದ ವಾಹನಗಳ ಮಾಹಿತಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇಟ್ಟುಕೊಂಡಿದೆ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಕೊಟ್ಟು ಅಂತರ್ಜಾಲದಲ್ಲೇ ಅಲ್ಲಿ ವಿಚಾರಿಸಬಹುದು. ಹಣ ಕೊಡುವ ಮುನ್ನ ಈ ಕೆಲಸ ಮಾಡಿ.

ಸಂಖ್ಯೆ ಉಜ್ಜಿಹೋಗಿದ್ದರೆ, ಅಕ್ಷರಗಳು ಒಂದು ಸಾಲಿನಲ್ಲಿರದೆ ಓಲಾಡುತ್ತಿದ್ದರೆ, ಆ ಜಾಗದಲ್ಲಿ ಗ್ರೈಂಡರ್‌ನ ಗೆರೆಗಳಿದ್ದರೆ ಆ ಎಂಜಿನ್ ಎಷ್ಟೇ ಅಗ್ಗವಾದರೂ ಬೇಡ. ಕಳವಿನ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಇಟ್ಟುಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಡಿ ಮೂರು ವರ್ಷದವರೆಗೆ ಸೆರೆವಾಸವಿದೆ. ಉಜ್ಜಿದ ಸಂಖ್ಯೆಯನ್ನು ಕಣ್ಣಾರೆ ನೋಡಿ ಕೊಂಡವರಿಗೆ ‘ನನಗೆ ಗೊತ್ತಿರಲಿಲ್ಲ’ ಎಂದು ನಂಬಿಸುವುದು ಸುಲಭವಲ್ಲ.

ಕೆಲವು ಗ್ಯಾರೇಜುಗಳಲ್ಲಿ ಹಳೆಯ ಸಂಖ್ಯೆಯನ್ನೇ ಹೊಸ ಬ್ಲಾಕಿನ ಮೇಲೆ ಪಂಚ್ ಮಾಡಿಕೊಡುತ್ತೇವೆ, ಆರ್‌ಟಿಒ ತಂಟೆಯೇ ಬೇಡ ಎನ್ನುತ್ತಾರೆ. ಇದಕ್ಕೆ ಖಂಡಿತ ಒಪ್ಪಬೇಡಿ. ಪ್ರಾಧಿಕಾರದ ಆದೇಶವಿಲ್ಲದೆ ಸಂಖ್ಯೆ ಕೆತ್ತಿಸಿದರೆ ಸರಳವಾದ ರಿಪೇರಿಯೊಂದು ಅಪರಾಧವಾಗಿ ಮಾರ್ಪಡುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಿಸುವಾಗ, ಗಾಡಿ ಮಾರುವಾಗ, ಅಪಘಾತದ ನಂತರ ಮಹಜರು ಮಾಡುವಾಗ ಇನ್ಸ್‌ಪೆಕ್ಟರ್ ಬಾನೆಟ್ ಎತ್ತುತ್ತಾರೆ. ಎಷ್ಟೋ ಎಂಜಿನ್ ಬದಲಾವಣೆಗಳು ಹೊರಬೀಳುವುದು ಹೀಗೆ, ವರ್ಷಗಳ ನಂತರ, ಕೆಲವೊಮ್ಮೆ ಏನೂ ತಿಳಿಯದ ಮೂರನೆಯ ಮಾಲೀಕರ ತಲೆಯ ಮೇಲೆ.

ಕಾನೂನಿನ ದಾರಿಯಲ್ಲಿ ಹೋಗುವವರ ಓಡಾಟ ಅಷ್ಟೇನೂ ಭಯಂಕರವಲ್ಲ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಎಂಜಿನ್ನಿನ ಬಿಲ್ಲು, ಕೆಲಸ ಮಾಡಿದ ಗ್ಯಾರೇಜಿನ ಬಿಲ್ಲು ಇವುಗಳನ್ನು ಜೋಡಿಸಿಕೊಳ್ಳಬೇಕು. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು. ನಂತರ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಮೋಟಾರು ವಾಹನ ನಿರೀಕ್ಷಕರು, ಅಂದರೆ ನಮ್ಮ ಜನ ಇಂದಿಗೂ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಕರೆಯುವವರು, ಕಾಗದದಲ್ಲಿರುವ ಸಂಖ್ಯೆಯನ್ನೂ ಬ್ಲಾಕಿನ ಮೇಲಿನ ಸಂಖ್ಯೆಯನ್ನೂ ತಾಳೆ ನೋಡುತ್ತಾರೆ. ಆದ್ದರಿಂದ ಎಂಜಿನ್ನನ್ನು ಗಾಡಿಯೊಳಕ್ಕೆ ಇಳಿಸುವ ಮೊದಲೇ ಸಂಖ್ಯೆಯ ಫೋಟೋ ತೆಗೆದುಕೊಂಡು, ಪೆನ್ಸಿಲ್ ಅಚ್ಚು ಇಟ್ಟುಕೊಳ್ಳಿ. ಕೂರಿಸಿದ ಮೇಲೆ ಅದು ಯಾವುದೋ ಪೈಪಿನ ಹಿಂದೆ ಅಡಗಿ ಕಣ್ಣಿಗೂ ಸಿಗುವುದಿಲ್ಲ, ಕೈಗೂ ಎಟುಕುವುದಿಲ್ಲ.

ವಿಮೆಯನ್ನು ಮರೆಯುವವರು ಹೆಚ್ಚು. ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ಸಿಸಿಯ ಮೇಲೆ ನಿಂತಿದೆ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ ಒಂದು ವರ್ಷಕ್ಕೆ 1000 ಸಿಸಿವರೆಗೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ಮೇಲಾದರೆ 7,897. ಆ 970 ಸಿಸಿ ಜಿಪ್ಸಿಗೆ 1298 ಹಾಕಿಸಿದಾತ ಹೇಳದೆ ಇದ್ದರೆ ಬೇರೆ ಗಾಡಿಯ ಪ್ರೀಮಿಯಂ ಕಟ್ಟಿದಂತಾಗುತ್ತದೆ. ವಿಮೆಯ ಕರಾರಿನ ತಳಹದಿಯೇ ಮುಚ್ಚುಮರೆಯಿಲ್ಲದ ಮಾಹಿತಿ. ಹೇಳದೆ ಎಂಜಿನ್ ಬದಲಿಸಿದ ಗಾಡಿಗೆ ಅಪಘಾತವಾದರೆ ಸ್ವಂತ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸಬಹುದು. ಗಾಯಗೊಂಡ ಮೂರನೆಯವರ ವಿಷಯದಲ್ಲಿ ಭಯ ಇನ್ನೂ ದೊಡ್ಡದು. ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ್ದುಂಟು. ಆ ಮೊತ್ತ ಹೊಲಮನೆ ಮಾರುವಷ್ಟಾಗಬಹುದು. ಆರ್‌ಸಿ ತಿದ್ದುಪಡಿಯಾದ ದಿನವೇ ಪ್ರತಿಯನ್ನು ವಿಮಾ ಕಂಪನಿಗೆ ಕಳಿಸಿ, ಪಾಲಿಸಿಯಲ್ಲೂ ಹೊಸ ಸಂಖ್ಯೆ ಬರುವಂತೆ ನೋಡಿಕೊಳ್ಳಿ.

ಒಂದೇ ಎಂಜಿನ್, ಆದರೂ ಒಂದೇ ಅಲ್ಲ

ಮೆಕ್ಯಾನಿಕ್‌ಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಉದಾಹರಣೆ ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋ, ಲೀನಿಯಾ, ಸಿಯಾಜ್ ಹೀಗೆ ಒಂದು ಕಾಲಕ್ಕೆ ಅರ್ಧ ಊರೇ ಇದರ ಮೇಲೆ ಓಡುತ್ತಿತ್ತು. ‘ಎಲ್ಲದಕ್ಕೂ ಅದೇ ಎಂಜಿನ್, ಯಾವುದರದ್ದು ಯಾವುದಕ್ಕೂ ಕೂರುತ್ತದೆ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಆದರೆ ಸ್ವಿಫ್ಟ್‌ನಲ್ಲಿ ಅದು 75 ಅಶ್ವಶಕ್ತಿಯದು, ಎಸ್‌ಎಕ್ಸ್4 ಮತ್ತು ಸಿಯಾಜ್‌ಗಳಲ್ಲಿ 90ರದು. ಟರ್ಬೊ ಬೇರೆ, ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಬೇರೆ. ಮಾರುತಿ ಗಾಡಿಗಳಲ್ಲಿ ಕೀಲಿಯ ಚಿಪ್ಪೂ ಇಸಿಯುವೂ ಪರಸ್ಪರ ಗುರುತು ಹಿಡಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತದೆ. ಆ ಗುರುತನ್ನು ಹೊಂದಿಸಲಾಗದಾಗ ಕಳ್ಳತನ ತಡೆಯುವ ಆ ವ್ಯವಸ್ಥೆಯನ್ನೇ ಕಿತ್ತುಹಾಕುವವರಿದ್ದಾರೆ. ನಾಳೆ ಗಾಡಿ ಕಳುವಾದರೆ ವಿಮೆಯವರು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದಾಗಬಹುದು.

ಬ್ಲಾಕಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಎರಕದ ಕಬ್ಬಿಣದ ಡೀಸೆಲ್ ಬ್ಲಾಕ್ ಅಲ್ಯೂಮಿನಿಯಂ ಪೆಟ್ರೋಲ್ ಬ್ಲಾಕಿಗಿಂತ ಬಹಳ ಭಾರ. ಆದ್ದರಿಂದಲೇ ಒಂದೇ ಕಾರಿನ ಡೀಸೆಲ್ ಮಾದರಿಗೆ ಕಾರ್ಖಾನೆಯವರು ಸಾಮಾನ್ಯವಾಗಿ ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟಿಂಗ್ ಎಲ್ಲವನ್ನೂ ಬೇರೆಯಾಗಿ ಕೊಡುತ್ತಾರೆ. ಪೆಟ್ರೋಲ್ ಗಾಡಿಯ ಸ್ಪ್ರಿಂಗ್ ಮೇಲೆ ಆ ಭಾರ ಹೇರಿದರೆ ಮೂಗು ತಗ್ಗುತ್ತದೆ, ಬ್ರೇಕ್ ಹಾಕಿದಾಗ ಇನ್ನಷ್ಟು ಮುಗ್ಗರಿಸುತ್ತದೆ, ಹಿಂದಿನ ಚಕ್ರಗಳ ಹಿಡಿತ ಸಡಿಲುತ್ತದೆ. ತಿರುವಿನಲ್ಲಿ ಗಾಡಿ ಸ್ಟೀರಿಂಗ್ ಹೇಳಿದ ಕಡೆ ಹೋಗದೆ ಹೊರಕ್ಕೆ ಜಾರುತ್ತದೆ.

ಶಕ್ತಿ ಹೆಚ್ಚಿದರೆ ವೇಗ ಹೆಚ್ಚುತ್ತದೆ, ಬ್ರೇಕಿನ ಹೊರೆ ಅದಕ್ಕಿಂತ ಜೋರಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 120ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಆದರೆ ಗಾಡಿ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಅದೆಲ್ಲ ಶಾಖವಾಗಿ ಆ ಹಳೆಯ ಡಿಸ್ಕ್, ಡ್ರಮ್ಮುಗಳಲ್ಲೇ ಕರಗಬೇಕು.

ನನ್ನನ್ನು ಹೆಚ್ಚು ಕಾಡುವುದು ಬೆಂಕಿಯ ಅಪಾಯ. ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪಿನಲ್ಲಿ ಪೆಟ್ರೋಲ್ ಹರಿಯುತ್ತಿದ್ದದ್ದು ಅರ್ಧ ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ. ಇಂಜೆಕ್ಷನ್ ಪೆಟ್ರೋಲ್ ಎಂಜಿನ್ನಿಗೆ ಮೂರು ನಾಲ್ಕು ಬಾರ್ ಬೇಕು. ಹಳೆಯ ಪೈಪನ್ನೇ ಕ್ಲಿಪ್ ಬಿಗಿದು ಉಳಿಸಿಕೊಂಡರೆ ಒಂದು ದಿನ ಅದು ಬಿರಿದು ಕಾದ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಸಿಂಪಡಿಸುತ್ತದೆ. ಕಾಮನ್ ರೈಲ್ ಡೀಸೆಲ್‌ನ ಒಳಗಿನ ಒತ್ತಡವಂತೂ ಸಾವಿರ ಬಾರ್ ದಾಟುತ್ತದೆ. ಅಲ್ಲಿ ಸೋರಿಕೆ ಹುಡುಕಲು ಕೈಬೆರಳು ಇಡುವುದೂ ಅಪಾಯ, ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಹೋಗುತ್ತದೆ. ಇದರ ಜೊತೆಗೆ ವೈರಿಂಗ್. ಎರಡು ಬೇರೆ ಗಾಡಿಗಳ ವೈರುಗಳನ್ನು ಕತ್ತರಿಸಿ, ಹೊಸೆದು, ಟೇಪ್ ಸುತ್ತಿ, ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟ ಒಂದೇ ಒಂದು ತಂತಿ ಸಾಕು. ಪ್ರತಿಯೊಂದು ಜೋಡಣೆಗೂ ಸರಿಯಾದ ಕನೆಕ್ಟರ್, ಪ್ರತಿಯೊಂದು ಸಾಲಿಗೂ ಫ್ಯೂಸ್ ಹಾಕಿಸಿ. ಬಿಸಿ ಭಾಗಗಳಿಂದ ದೂರವಾದ ದಾರಿಯಲ್ಲೇ ವೈರು ಎಳೆಸಿ.

ಇತ್ತೀಚಿನ ಗಾಡಿಗಳಲ್ಲಿ ತೊಡಕು ಇನ್ನೂ ಆಳ. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್, ಸ್ಥಿರತೆಯ ನಿಯಂತ್ರಣ, ವಿದ್ಯುತ್ ಸ್ಟೀರಿಂಗ್ ಇವೆಲ್ಲ ಎಂಜಿನ್ನಿನ ಕಂಪ್ಯೂಟರ್ ಜೊತೆ ಸದಾ ಮಾತಾಡುತ್ತಿರುತ್ತವೆ. ಪರಿಚಯವಿಲ್ಲದ ಎಂಜಿನ್ ಬಂದರೆ ಆ ಮಾತು ನಿಲ್ಲುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪಗಳು ಉರಿಯುತ್ತವೆ. ಬಲ್ಬ್ ಕಿತ್ತು ಆ ದೀಪಗಳನ್ನು ಆರಿಸುವುದು ರಿಪೇರಿಯಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಕಾರಿಗೆ ಹಳೆಯ ಮಾನದಂಡದ ಎಂಜಿನ್ ಹಾಕಿದರಂತೂ ಹೊಗೆಯ ವಿಷಯದಲ್ಲಿ ಆರ್‌ಸಿ ಹೇಳುವುದೇ ಒಂದು, ಸೈಲೆನ್ಸರ್ ಬಿಡುವುದೇ ಇನ್ನೊಂದು. ಏರ್‌ಬ್ಯಾಗ್ ಕೂಡ ಹಾಗೆಯೇ. ಮುಂಭಾಗ ಎಷ್ಟು ಬೇಗ, ಹೇಗೆ ಮಡಚಿಕೊಳ್ಳುತ್ತದೆ, ಎಂಜಿನ್ ಯಾವ ಕಡೆ ಸರಿಯುತ್ತದೆ ಎಂಬ ಲೆಕ್ಕದ ಮೇಲೆ ಅದು ಬಿಚ್ಚುವ ಗಳಿಗೆ ಗೊತ್ತಾಗಿರುತ್ತದೆ. ಜಾಗ ಮಾಡಲು ಮುಂದಿನ ಅಡ್ಡಪಟ್ಟಿ ಕತ್ತರಿಸಿದ ಕಾರಿನಲ್ಲಿ ಆ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ. ಎಂಜಿನ್ ಕೂರಿಸಲು ಚಾಸಿಗೆ ಗ್ಯಾಸ್ ಕಟ್ಟರ್ ಹಿಡಿಯಬೇಕಾಗುತ್ತದೆ ಎಂದು ಮೇಸ್ತ್ರಿ ಹೇಳಿದರೆ ಅಲ್ಲಿಗೇ ಕೆಲಸ ನಿಲ್ಲಿಸಿಬಿಡಿ.

ಇಂಧನದ ಖರ್ಚಿಗಾಗಿಯೇ ಎಂಜಿನ್ ಬದಲಿಸುವ ಯೋಚನೆಯಿದ್ದರೆ ಮಂಜೂರಾದ ಸಿಎನ್‌ಜಿ ಅಥವಾ ವಿದ್ಯುತ್ ಕಿಟ್ ಕಡೆ ನೋಡುವುದು ವಾಸಿ. ನಿಮ್ಮ ಮಾದರಿಗೆ ಆ ಕಿಟ್ ಮಂಜೂರಾಗಿದೆಯೇ, ಹಾಕುವವರಿಗೆ ಅಧಿಕೃತ ಪರವಾನಗಿ ಇದೆಯೇ ಎಂದು ಕಾಗದ ನೋಡಿಯೇ ಮುಂದುವರಿಯಿರಿ. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಕಡ್ಡಾಯ. ಆರ್‌ಸಿಯಲ್ಲಿ ಇಂಧನದ ಸಾಲು ಬದಲಾಗಲೇಬೇಕು.

ಅದೇ ಮಾದರಿಯ ಎಂಜಿನ್ನನ್ನೇ, ಅನುಮತಿ ಪಡೆದೇ ಹಾಕಿಸಿದಿರಿ ಎಂದುಕೊಳ್ಳೋಣ. ಗ್ಯಾರೇಜಿನಿಂದ ಗಾಡಿ ಹೊರತೆಗೆಯುವ ಮೊದಲು, ಸಮತಟ್ಟಾದ ಜಾಗದಲ್ಲಿ ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಬೂಸ್ಟರ್‌ನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲನ್ನು ಹಾಗೆಯೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿಯಲ್ಲಿ ತಾನಾಗಿಯೇ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಕರೆಯಿರಿ.